ಹೆರಾಲ್ಡ್ ಟ್ರನಿಯನ್‌ಗೆ ಗ್ರೀಸ್ ಬಿಟ್ಟು 90 ಆಯಿಲ್: ನನ್ನ ಅನುಭವ

ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ಅಪ್ಪನ ಕಾಲದ್ದು, ಮದ್ರಾಸಲ್ಲಿ ತಯಾರಾದ ಕಾರು. ಮುಂದಿನ ಟ್ರನಿಯನ್‌ಗೆ, ಅಂದ್ರೆ ಚಕ್ರ ಎಡ ಬಲ ತಿರುಗೋಕೆ ಕೆಳಗಿರೋ ಥ್ರೆಡ್ ಕೀಲಿಗೆ, ಗ್ರೀಸ್ ಹೊಡೆಯೋದು ಬಿಟ್ಟು 90 ಗೇರ್ ಆಯಿಲ್ ಹಾಕೋಕೆ ಶುರು ಮಾಡಿ ನಾಲ್ಕು ಮಳೆಗಾಲ ಕಳೀತು, ಆಟ (ಕೀಲಿನ ಸಡಿಲ) ಒಂಚೂರೂ ಜಾಸ್ತಿ ಆಗಿಲ್ಲ. "ಎಣ್ಣೆ ನಿಲ್ಲಲ್ಲ ಸಾರ್, ಸೋರಿ ಹೋಗುತ್ತೆ" ಅಂತ ಮೂಡಿಗೆರೆಲಿ ತಲೆ ಆಡಿಸಿದೋರು ಈಗ ಬಂದು ಚಕ್ರ ಅಲ್ಲಾಡಿಸಿ ನೋಡ್ಕೊಂಡು ಹೋಗ್ಲಿ.

ಮೊದಲು ನಾನೂ ಗ್ರೀಸೇ ಹೊಡೀತಿದ್ದೆ. ಒಂದಿನ ಆಲ್ದೂರು ಹತ್ರ ತಿರುವಲ್ಲಿ ಸ್ಟೇರಿಂಗ್ ಬಿಗಿ ಬಂತು, ತಿರುಗಿಸಿದ್ರೆ ತಾನಾಗಿ ವಾಪಸ್ ಬರ್ತಿಲ್ಲ. ಬಿಚ್ಚಿದ್ರೆ ಗ್ರೀಸ್ ಒಣಗಿ ಮೇಣದ ಥರ ಥ್ರೆಡ್‌ಗೆ ಕಚ್ಕೊಂಡಿದೆ, ಅದರ ಸಂದಿಲಿ ನೀರು ಸೇರಿ ವರ್ಟಿಕಲ್ ಲಿಂಕ್‌ಗೆ (ಟ್ರನಿಯನ್ ಒಳಗೆ ತಿರುಗೋ ನೆಟ್ಟಗಿನ ತೋಳು) ಕೆಂಪು ತುಕ್ಕು, ಉಗುರಾಡಿಸಿದ್ರೆ ಗುಂಡಿ ಸಿಗುತ್ತೆ. ಈ ಗಾಡಿಗಳು ಮುರಿಯೋದೇ ಅಲ್ಲಿ. ಲೇತಲ್ಲಿ ಜೋಡಿ ಟ್ರನಿಯನ್ ಮಾಡಿಸ್ದೆ, 4,000 ಚಿಲ್ಲರೆ, ಒಂದಕ್ಕೆ ಎಡ ಥ್ರೆಡ್ ಬೇಕು ಅಂತ ಹೇಳಿದ್ರೂ ಎರಡಕ್ಕೂ ಬಲ ಥ್ರೆಡ್ಡೇ ಕೊರೆದಿಟ್ಟಿದ್ರು, ದುಡ್ಡು ನೀರಲ್ಲಿ ಹೋಮ. ಆಮೇಲೆ ಲಿಂಕ್ ಸಮೇತ ಇಂಗ್ಲೆಂಡಿಂದ ತರಿಸಿದ್ದು, ಕಸ್ಟಮ್ಸ್ ಸೇರಿ 40,000ದ ಹತ್ರ ಹತ್ರ ಆಯ್ತು.

ಈಗ ಮಾಡೋದು ಇಷ್ಟು. ಜಾಕ್ ಎತ್ತಿ ಚಕ್ರ ನೇತಾಡಬೇಕು, ಟ್ರನಿಯನ್ನಿನ ಪ್ಲಗ್ ತೆಗೆದು ಗನ್ ಕಚ್ಚೋ ನಿಪ್ಪಲ್ ಹಾಕಿ ಗ್ರೀಸ್ ಗನ್ನಿಗೇ ಇಪಿ 90 ಗೇರ್ ಆಯಿಲ್ ತುಂಬಿ ಒತ್ತೋದು, ತಮ್ಮನ ಮಗ ಒಳಗೆ ಕೂತು ಸ್ಟೇರಿಂಗ್ ಆ ಕೊನೆಯಿಂದ ಈ ಕೊನೆಗೆ ತಿರುಗಿಸ್ತಾ ಇರ್ತಾನೆ. ಮೊದಲು ಕಪ್ಪು ಕೆಸರು, ಆಮೇಲೆ ಕಂದು, ಕೊನೆಗೆ ಜೇನುತುಪ್ಪದ ಬಣ್ಣದ್ದು ಮೇಲಿನ ಸೀಲ್ ಹತ್ರ ಜಿನುಗುತ್ತೆ, ಸಾಕು. ಆಯಿಲ್ ತುಂಬಿದ್ರೆ ಗನ್ ಸೋರುತ್ತೆ ಅಂತಾರೆ, ನಂದು ಸೋರಲ್ಲ, ಒಳಗೆ ಯಾವ ವಾಷರ್ ಹಾಕಿದೀನಿ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ. ಲಿಂಕಿನ ಮೇಲಿನ ತುದಿಲಿರೋ ಬಾಲ್ ಜಾಯಿಂಟಿಗೆ ಮಾತ್ರ ಗ್ರೀಸೇ.

ನಡುವೆ ಬಲಗಡೆಗೆ ಮಾತ್ರ ಅರ್ಧ ಗ್ರೀಸ್ ಅರ್ಧ ಆಯಿಲ್ ಕಲಸಿ ಹಾಕಿ ನೋಡ್ದೆ, ಎರಡು ತಿಂಗಳಿಗೆ ಆಯಿಲ್ ಜಾರಿ ಗ್ರೀಸ್ ಒಳಗೆ ಮುದ್ದೆ ಆಗಿ ಕೂತಿತ್ತು, ಡೀಸೆಲಲ್ಲಿ ತೊಳೆಯೋಕೆ ಒಂದು ಭಾನುವಾರ ಪೂರ್ತಿ ಹೋಯ್ತು.

ಆಟ ನೋಡುವಾಗ ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ರು ಬ್ರೇಕ್ ತುಳೀಲಿ. ತುಳಿದಾಗ ನಿಂತ್ರೆ ಅದು ಬೇರಿಂಗ್, ನಿಲ್ಲದಿದ್ರೆ ಟ್ರನಿಯನ್ನೋ ಬಾಲ್ ಜಾಯಿಂಟೋ, ಸಂದಿಗೆ ಬೆರಳಿಟ್ರೆ ಯಾವುದು ಅಂತ ಗೊತ್ತಾಗುತ್ತೆ.

ಆಯಿಲ್ ಹಾಕೋಕೆ ಕಂಪನಿ ಲೆಕ್ಕ 6,000 ಮೈಲಿಗೆ ಒಂದ್ಸಲ, ನಮ್ಮ ಮಲೆನಾಡ ಮಳೇಲಿ, ತೋಟದ ರೋಡಲ್ಲಿ ಅದು ನಡೆಯಲ್ಲ. ನಾನು ಮೇ ಕೊನೇಲಿ ಒಂದ್ಸಲ, ಅಕ್ಟೋಬರಲ್ಲಿ ಒಂದ್ಸಲ ಹಾಕ್ತೀನಿ, 400 ರೂಪಾಯಿ ಕೊಟ್ಟು ತಂದ ಲೀಟರ್ ಡಬ್ಬ ಇನ್ನೂ ಕಾಲು ಭಾಗ ಇದೆ.