ಕಾರಿನ ಬಾಗಿಲು ಲಾಕ್ ಆಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹೀಗೆ ಪತ್ತೆ ಮಾಡಿ

ರಿಮೋಟ್ ಒತ್ತಿದರೂ ಕಾರು ಸುಮ್ಮನಿರುತ್ತದೆ. ಲಾಕ್ ಆದ ಮರುಕ್ಷಣವೇ ತಾನಾಗಿ ಅನ್‌ಲಾಕ್ ಆಗುತ್ತದೆ. ಯಾರೂ ಮುಟ್ಟದಿದ್ದರೂ ನಡುರಾತ್ರಿ ಅಲಾರಾಂ ಕೂಗಿ ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಈ ಮೂರಕ್ಕೂ ಕಾರಣ ಒಂದೇ ಅಲ್ಲ. ಗ್ಯಾರೇಜಿನಲ್ಲಿ ‘ಸೆಂಟ್ರಲ್ ಲಾಕ್ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಚೆನ್ನಾಗಿರುವ ಮೋಟರೂ ಬದಲಾಗಿಬಿಡಬಹುದು. ಹಣ ಕೊಡುವ ಮೊದಲು ದೋಷದ ಜಾಗ ಹುಡುಕಿ. ಬಹುಪಾಲು ಪರೀಕ್ಷೆಗೆ ಕಣ್ಣು, ಕಿವಿ ಸಾಕು.

ಮೊದಲು ಚಾಲಕನ ಬಾಗಿಲಿನ ಒಳಗಿರುವ ಲಾಕ್ ಗುಂಡಿ ಒತ್ತಿ. ಎಲ್ಲ ಬಾಗಿಲುಗಳೂ ಲಾಕ್ ಆದರೆ ಮೋಟರ್, ವೈರಿಂಗ್ ಸರಿಯಾಗಿವೆ, ತೊಂದರೆ ರಿಮೋಟ್ ಕಡೆಯದು. ಆಗ ಮನೆಯಲ್ಲಿಟ್ಟ ಎರಡನೇ ಕೀ ತನ್ನಿ. ಅದು ಕೆಲಸ ಮಾಡಿದರೆ ಮೊದಲ ಕೀಯ ಸೆಲ್ ಬದಲಿಸಿ. ಹೆಚ್ಚಿನ ಕೀಗಳಲ್ಲಿ ಸಿಆರ್2032 ಎಂಬ 3 ವೋಲ್ಟ್‌ನ ಬಿಲ್ಲೆ ಸೆಲ್ ಇರುತ್ತದೆ. ಆದರೂ ಹಳೆಯದರ ಮೇಲಿನ ಸಂಖ್ಯೆ ನೋಡಿಯೇ ಕೊಳ್ಳಿ. ಕೀ ಬಿಚ್ಚುವಾಗ ಕೆಳಗೆ ಬಟ್ಟೆ ಹಾಸಿಕೊಳ್ಳಿ. ಕೆಲವು ಕೀಗಳೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಬಿಡಿಯಾಗಿರುತ್ತದೆ. ಅದು ಬಿದ್ದುಹೋದರೆ ಎಂಜಿನ್ನೇ ಸ್ಟಾರ್ಟ್ ಆಗದು.

ಎರಡೂ ಕೀ ಸೋತರೆ ಕಾರನ್ನು ಬೇರೆ ಜಾಗಕ್ಕೆ ಒಯ್ದು ನೋಡಿ. ನಮ್ಮಲ್ಲಿ ಬಹಳಷ್ಟು ರಿಮೋಟ್‌ಗಳು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸಂಕೇತ ಕಳಿಸುತ್ತವೆ. ಗೇಟಿನ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್‌ಗಳಲ್ಲೂ ಅನೇಕವು ಅದೇ ತರಂಗ ಬಳಸುವುದರಿಂದ ಅಡ್ಡಿಯಾಗಬಹುದು. ಅಲ್ಲೂ ಆಗದಿದ್ದರೆ ಬ್ಯಾಟರಿ ನೋಡಿ: ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟ ಮೇಲೆ ಸುಮಾರು 12.6 ವೋಲ್ಟ್ ಇರಬೇಕು, 12ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಮಾಡಿಸಿ.

ಒಳಗಿನ ಗುಂಡಿಗೂ ಯಾವ ಬಾಗಿಲೂ ಸ್ಪಂದಿಸದಿದ್ದರೆ ಫ್ಯೂಸ್ ಸುಟ್ಟಿರಬಹುದು. ಅದೇ ಆಂಪಿಯರ್‌ನದನ್ನೇ ಹಾಕಿ. ಮತ್ತೆ ಸುಟ್ಟರೆ ವೈರಿಂಗ್‌ನಲ್ಲಿ ಶಾರ್ಟ್ ಇರಬಹುದು. ದೊಡ್ಡ ಫ್ಯೂಸ್ ಹಾಕುವ ಸಾಹಸ ಖಂಡಿತ ಬೇಡ, ಬೆಂಕಿ ಹೊತ್ತೀತು.

ಒಂದೇ ಬಾಗಿಲು ಕೈಕೊಟ್ಟಿದೆಯೇ? ಅದರ ಬಳಿ ಕಿವಿಯಿಟ್ಟು ಗುಂಡಿ ಒತ್ತಿಸಿ. ಮೋಟರ್ ಸದ್ದು ಮಾಡಿಯೂ ಲಾಕ್ ಬೀಳದಿದ್ದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿರಬಹುದು, ಇಲ್ಲವೇ ಲಾಕನ್ನು ಎಳೆಯುವ ಕಡ್ಡಿಯ ಕ್ಲಿಪ್ ಕಳಚಿರಬಹುದು. ಸದ್ದೇ ಇಲ್ಲವಾದರೆ ಮೋಟರಿಗಿಂತ ಮೊದಲು ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯನ್ನು ಅನುಮಾನಿಸಿ. ಬಾಗಿಲು ತೆರೆದು ಮುಚ್ಚಿದಂತೆಲ್ಲ ಅಲ್ಲಿನ ವೈರ್‌ಗಳು ಬಾಗಿ ಬಾಗಿ ಒಳಗೇ ತುಂಡಾಗುತ್ತವೆ. ಬಾಗಿಲನ್ನು ಅರ್ಧ ತೆರೆದು ಆಚೀಚೆ ಆಡಿಸುತ್ತ ಒತ್ತಿದಾಗ ಒಮ್ಮೆ ಲಾಕ್ ಆದರೆ ವೈರ್ ಜೋಡಿಸಿದರೆ ಸಾಕು. ಹಿಂದಿನ ಬಾಗಿಲು ಹೊರಗಿನಿಂದ ತೆರೆದು, ಒಳಗಿನಿಂದ ಮಾತ್ರ ತೆರೆಯದಿದ್ದರೆ ಚೈಲ್ಡ್ ಲಾಕ್ ಬಿದ್ದಿದೆಯೇ ನೋಡಿ.

ಅಲಾರಾಂ ಸುಮ್ಮಸುಮ್ಮನೆ ಕೂಗುವುದು, ಲಾಕ್ ತಾನಾಗಿ ತೆರೆಯುವುದು ಬೇರೆಯೇ ಬಗೆಯ ಕಾಯಿಲೆ. ಹೆಚ್ಚಾಗಿ ಬಾಗಿಲು ಮುಚ್ಚಿದೆ ಎಂದು ತಿಳಿಸುವ ಸಣ್ಣ ಸ್ವಿಚ್ ತಪ್ಪು ಸುದ್ದಿ ಕೊಡುತ್ತಿರುತ್ತದೆ. ಹಳೆಯ ಕಾರುಗಳಲ್ಲಿ ಅದು ಬಾಗಿಲ ಚೌಕಟ್ಟಿನ ಕಂಬದ ಮೇಲಿನ ರಬ್ಬರ್ ಗುಂಡಿ, ಹೊಸವುಗಳಲ್ಲಿ ಸಾಮಾನ್ಯವಾಗಿ ಬಾಗಿಲಿನ ಕೊಂಡಿಯೊಳಗೇ ಅಡಗಿರುತ್ತದೆ. ಬಾಗಿಲುಗಳನ್ನು ಒಂದೊಂದಾಗಿ ತೆರೆದು ಮುಚ್ಚಿ, ಡ್ಯಾಶ್‌ಬೋರ್ಡಿನ ಬಾಗಿಲ ಚಿಹ್ನೆಯನ್ನು ಗಮನಿಸಿ. ಎಲ್ಲವನ್ನೂ ಮುಚ್ಚಿದರೂ ಚಿಹ್ನೆ ಆರದಿದ್ದರೆ, ಯಾವುದನ್ನು ಒತ್ತಿ ಹಿಡಿದಾಗ ಆರುತ್ತದೋ ಅದೇ ಅಪರಾಧಿ. ಮಳೆಗಾಲದಲ್ಲಿ ಈ ಕಾಟ ಹೆಚ್ಚು. ಕೊಂಡಿಯ ಕೆಸರು ಒರೆಸಿ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ. ಡಿಕ್ಕಿ ಮತ್ತು ಬಾನೆಟ್ ಸ್ವಿಚ್‌ಗಳನ್ನು ಬಹಳ ಮಂದಿ ಮರೆಯುತ್ತಾರೆ. ಆದರೆ ಅನ್‌ಲಾಕ್ ಮಾಡಿಯೂ ಬಾಗಿಲು ತೆರೆಯದೆ ಬಿಟ್ಟಾಗ ಕೆಲವು ಕಾರುಗಳು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಲಾಕ್ ಆಗುತ್ತವೆ, ಅದು ದೋಷವಲ್ಲ.

ನಿಲ್ಲಿಸಿದ ಕಾರಿನಲ್ಲಿ ಸೆಕ್ಯೂರಿಟಿ ದೀಪ ಮಿನುಗುವುದು ಹಲವು ಮಾದರಿಗಳಲ್ಲಿ ಸಹಜ. ಕೀ ತಿರುಗಿಸಿದ ಮೇಲೂ ಮಿನುಗುತ್ತಾ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್‌ಗೆ ಕೀಯ ಚಿಪ್ ಸಿಗುತ್ತಿಲ್ಲ. ಈ ಚಿಪ್‌ಗೆ ಸೆಲ್ ಬೇಡ, ಇಗ್ನಿಷನ್ ಸುತ್ತಲಿನ ಸುರುಳಿಯೇ ಶಕ್ತಿ ಕೊಡುತ್ತದೆ. ಗೊಂಚಲಿನಲ್ಲಿರುವ ಬೇರೆ ವಾಹನದ ಕೀ ಅಡ್ಡಿಯಾಗಬಹುದು, ಅದನ್ನು ಕಳಚಿಟ್ಟು ಪ್ರಯತ್ನಿಸಿ. ಪುಶ್ ಬಟನ್ ಕಾರಿನಲ್ಲಿ ಸೆಲ್ ಸತ್ತರೆ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಕೆಲವು ಮಾದರಿಗಳಲ್ಲಿ ಕೀ ಇಡುವ ಜಾಗ ಬೇರೆ, ಅದು ಮಾಲೀಕರ ಕೈಪಿಡಿಯಲ್ಲಿರುತ್ತದೆ.

ಕೀ ಕಳೆದುಹೋದರೆ ಹೊಸದನ್ನು ಮಾಡಿಸುವಾಗ ಕಳೆದ ಕೀಯ ಕೋಡನ್ನು ಕಾರಿನ ನೆನಪಿನಿಂದ ಅಳಿಸಿಕೊಡಿ ಎಂದು ಒತ್ತಾಯಿಸಿ. ಅದಕ್ಕೆ ಉಳಿದೆಲ್ಲ ಕೀಗಳನ್ನೂ ಜೊತೆಗೇ ಒಯ್ಯಿರಿ.