ಸೊಪ್ಪಿನಬೆಟ್ಟದ ಅಂಚಿಗೆ ಬೆಂಕಿ ರೇಖೆ: ಸುಡಬೇಡಿ, ಗುಡಿಸಿ

ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ತೆರವು ಮಾಡಿದ ಪಟ್ಟಿ, ಮಾಡುವಾಗ ದರಕನ್ನು (ಉದುರಿದ ಒಣ ಎಲೆಯನ್ನು) ಅಲ್ಲೇ ಸುಡಬೇಡಿ, ಹೊರಗಡೆ ರಾಶಿಯೂ ಹಾಕಬೇಡಿ. 10-12 ಅಡಿ ಅಗಲಕ್ಕೆ ಗುಡಿಸಿ, ಹೆಡಿಗೆಯಲ್ಲಿ ತುಂಬಿ ಕೊಟ್ಟಿಗೆಗೋ ಅಡಿಕೆ ಬುಡಕ್ಕೋ ಸಾಗಿಸಿ. ಬೆಟ್ಟದ ಬೆಂಕಿ ಹೆಚ್ಚಾಗಿ ನೆಲದ ಮೇಲಿನ ಒಣ ಎಲೆ ಹಿಡಿದೇ ಓಡುತ್ತದೆ. ಎಲೆಯ ಜಾಡು ತಪ್ಪಿದರೆ ಅಲ್ಲೇ ಸೊರಗುತ್ತದೆ. ರೇಖೆ ಮಾಡಲೆಂದು ಹಚ್ಚಿದ ಬೆಂಕಿಯೇ ಮಧ್ಯಾಹ್ನದ ಗಾಳಿಗೆ ಕೈತಪ್ಪುವುದುಂಟು, ಜೊತೆಗೆ ಮತ್ತಿ, ನೇರಳೆಯ ಎಳೆ ಸಸಿಗಳೂ ಸುಟ್ಟುಹೋಗುತ್ತವೆ. ಗುಡಿಸಿದರೆ ಅವು ಉಳಿಯುತ್ತವೆ. ಗುದ್ದಲಿ ಹಾಕಿ ಮಣ್ಣು ಕೆರೆಯಬೇಡಿ, ಹುಲ್ಲಿನ ಬೇರು ಇರಲಿ. ಇಲ್ಲದಿದ್ದರೆ ಮೊದಲ ಮಳೆಗೇ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಹುಲ್ಲನ್ನು ಕತ್ತಿಯಿಂದ ನಾಲ್ಕು ಬೆರಳೆತ್ತರಕ್ಕೆ ಸವರಿದರೆ ಸಾಕು. ಮರದ ಬುಡಕ್ಕೆ ಹಬ್ಬಿದ ಲಂಟಾನ ಮಾತ್ರ ತೆಗೆಯಲೇಬೇಕು, ನೆಲದ ಬೆಂಕಿ ಕೊಂಬೆಗೆ ಏರುವುದು ಅದೇ ಏಣಿ ಹತ್ತಿ. ಜನವರಿಯಲ್ಲಿ ಒಮ್ಮೆ ಗುಡಿಸಿ ಸುಮ್ಮನಾದರೆ ಈ ಕೆಲಸ ದಂಡ: ಮಾರ್ಚ್‌ವರೆಗೂ ಎಲೆ ಉದುರುತ್ತದೆ, 15 ದಿನಕ್ಕೊಮ್ಮೆ ಮತ್ತೆ ಗುಡಿಸಬೇಕು. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಏರುವಾಗ ಜೋರು, ಹಾಗಾಗಿ ತೋಟದ ಕೆಳಗಡೆ ಬೆಟ್ಟವಿದ್ದರೆ ಅಗಲ ದುಪ್ಪಟ್ಟು ಬೇಕು. ಅಂಚಿನಲ್ಲಿ ಒಣಗಿ ನಿಂತ ಮರವೋ ಬಿದಿರು ಮೆಳೆಯೋ ಇದ್ದರೆ ಕಿಡಿ ಹಾರಿ ರೇಖೆ ದಾಟುತ್ತದೆ, ಅಲ್ಲಿ ಈ ಉಪಾಯವೊಂದನ್ನೇ ನಂಬಿ ಕೂರಬೇಡಿ.