ಕಿಯೋಸ್ಕ್‌ನಿಂದ ಸಿನಿಮಾ ಡಿಸ್ಕ್ ಬಾಡಿಗೆಗೆ ತರುವಾಗ: ಕಾರ್ಡು, ಗಡುವು, ಗೀರು

ಅಮೆರಿಕದಲ್ಲಿ ಕಿಯೋಸ್ಕ್ (ಸಿಬ್ಬಂದಿಯಿಲ್ಲದೆ ತಾನೇ ಡಿಸ್ಕ್ ಕೊಟ್ಟು ವಾಪಸ್ ಪಡೆಯುವ ಯಂತ್ರ) ಬಾಡಿಗೆ ಅಂದರೆ ಬಹುಕಾಲ ಜನರಿಗೆ ನೆನಪಾಗುತ್ತಿದ್ದದ್ದು ರೆಡ್‌ಬಾಕ್ಸ್. ಕಿರಾಣಿ ಮತ್ತು ಔಷಧಿ ಅಂಗಡಿಗಳ ಬಾಗಿಲ ಪಕ್ಕ ನಿಂತಿರುತ್ತಿದ್ದ ಆ ಕೆಂಪು ಯಂತ್ರವನ್ನು 2002ರಲ್ಲಿ ಶುರು ಮಾಡಿದ್ದು ಮೆಕ್‌ಡೊನಾಲ್ಡ್ಸ್ ಸಂಸ್ಥೆ. ಒಂದೊಂದು ಯಂತ್ರದಲ್ಲಿ ಸುಮಾರು 630 ಡಿಸ್ಕ್ ಹಿಡಿಯುತ್ತಿತ್ತು. ಒಂದು ರಾತ್ರಿಗೆ 1 ಡಾಲರ್ ಬಾಡಿಗೆ; 2011ರ ಅಕ್ಟೋಬರ್‌ನಲ್ಲಿ ಅದು 1.20 ಆಯಿತು, 2014ರ ಕೊನೆಗೆ 1.50. 2024ರ ಜೂನ್ 28ರಂದು ಅದರ ಮಾತೃ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಜುಲೈ 10ರಂದು ಪ್ರಕರಣ ಚಾಪ್ಟರ್ 7ಕ್ಕೆ ತಿರುಗಿತು. ಅಂದರೆ ಕಂಪನಿಯನ್ನು ಉಳಿಸುವ ಮಾತು ಮುಗಿದು, ಇದ್ದದ್ದನ್ನು ಮಾರಿ ಸಾಲ ತೀರಿಸುವ ಹಂತ. ಅಂಚೆಯಲ್ಲಿ ಡಿಸ್ಕ್ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಸೇವೆ ಅದಕ್ಕೂ ಮೊದಲೇ, 2023ರ ಸೆಪ್ಟೆಂಬರ್ 29ರಂದು ನಿಂತಿತ್ತು.

ಹಾಗಂತ ಡಿಸ್ಕ್ ಕೊಡುವ ಯಂತ್ರಗಳೇ ಮಾಯವಾಗಿಲ್ಲ. ಕೆಲವು ಸಾರ್ವಜನಿಕ ಗ್ರಂಥಾಲಯಗಳು ಇಂಥವನ್ನು ಇಟ್ಟಿವೆ, ಅಲ್ಲಲ್ಲಿ ಸಣ್ಣ ಮಾಲೀಕರು ನಡೆಸುವವೂ ಉಂಟು. ಯಂತ್ರ ಯಾರದ್ದಾದರೂ ಕೆಲಸದ ಕ್ರಮ ಒಂದೇ, ಎಡವುವ ಜಾಗಗಳೂ ಅವೇ. ಬಾಡಿಗೆ ದರ ನೋಡಿ ಲೆಕ್ಕ ಹಾಕಬೇಡಿ. ಡಿಸ್ಕನ್ನು ವಾಪಸ್ ಹಾಕುವ ಜಾಗ ನಿಮ್ಮ ದಿನದ ದಾರಿಯಲ್ಲಿದೆಯೇ ಎಂದು ನೋಡಿ ಲೆಕ್ಕ ಹಾಕಿ. ದುಡ್ಡು ಹೋಗುವುದೆಲ್ಲ ಅಲ್ಲೇ.

ಮನೆ ಬಿಡುವ ಮುನ್ನ

ಮನೆಯಲ್ಲಿರುವ ಪ್ಲೇಯರ್ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಡಿವಿಡಿ ಪ್ಲೇಯರ್‌ನಲ್ಲಿ ಬ್ಲೂ-ರೇ ಓಡುವುದಿಲ್ಲ. ಬ್ಲೂ-ರೇ ಪ್ಲೇಯರ್‌ನಲ್ಲಿ ಡಿವಿಡಿ ಓಡುತ್ತದೆ. 4ಕೆ ಡಿಸ್ಕ್‌ಗೆ 4ಕೆ ಪ್ಲೇಯರೇ ಬೇಕು. ಆಟದ ಯಂತ್ರಗಳಾದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗಳಲ್ಲಿ ಡಿಸ್ಕ್ ಡ್ರೈವ್ ಇರುವ ಮಾದರಿಗಳು ಈ ಮೂರನ್ನೂ ಓಡಿಸುತ್ತವೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ನೋಡುವುದಾದರೆ ಯುಎಸ್‌ಬಿಗೆ ಸಿಕ್ಕಿಸುವ ಡಿಸ್ಕ್ ಡ್ರೈವ್ ಜೊತೆಗೆ ವಿಎಲ್‌ಸಿ ತಂತ್ರಾಂಶ ಹಾಕಿಕೊಳ್ಳಿ, ಏಕೆಂದರೆ ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ. ಬ್ಲೂ-ರೇ ಸಿನಿಮಾಗಳಿಗೆ ಬೀಗದಂಥ ಗೂಢಲಿಪಿ ಇರುವುದರಿಂದ ಕಂಪ್ಯೂಟರಿನಲ್ಲಿ ಅವಕ್ಕೆ ಪ್ರತ್ಯೇಕ ತಂತ್ರಾಂಶ ಬೇಕು.

ಬಾಡಿಗೆಗೆಂದೇ ತಯಾರಾದ ಡಿಸ್ಕ್‌ಗಳಲ್ಲಿ ಚಿತ್ರೀಕರಣದ ಹಿನ್ನೆಲೆ, ನಿರ್ದೇಶಕರ ಮಾತು ಮುಂತಾದ ಹೆಚ್ಚುವರಿ ಭಾಗಗಳನ್ನು ಕೆಲವು ಸ್ಟುಡಿಯೋಗಳು ತೆಗೆದಿರುತ್ತಿದ್ದವು. ಅವಕ್ಕಾಗಿಯೇ ಡಿಸ್ಕ್ ತರುತ್ತಿದ್ದರೆ ಗ್ರಂಥಾಲಯದ್ದು ಮೇಲು. ಅವರು ಬಹುತೇಕ ಅಂಗಡಿಯ ಸಾಮಾನ್ಯ ಪ್ರತಿಯನ್ನೇ ಕೊಳ್ಳುತ್ತಾರೆ.

ಯಂತ್ರದ ಮುಂದೆ

ಆನ್‌ಲೈನ್‌ನಲ್ಲಿ ಕಾದಿರಿಸುವ ಅವಕಾಶ ಇದ್ದರೆ ಬಿಡಬೇಡಿ. ಶುಕ್ರವಾರ ಸಂಜೆ ಹೊಸ ಸಿನಿಮಾ ಖಾಲಿಯಾಗುವುದು ಸಾಮಾನ್ಯ. ಯಂತ್ರದ ಪರದೆಯಲ್ಲಿ ಚಿತ್ರ ಆರಿಸುವಾಗ ಡಿವಿಡಿಯೋ ಬ್ಲೂ-ರೇಯೋ ಎಂಬುದನ್ನು ಎರಡು ಸಲ ನೋಡಿ. ಪೋಸ್ಟರ್ ಒಂದೇ, ಗುಂಡಿ ಬೇರೆ. ಆತುರದಲ್ಲಿ ಬೆರಳು ತಪ್ಪುವುದು ಇಲ್ಲೇ ಹೆಚ್ಚು.

ಬಾಡಿಗೆ ಯಂತ್ರಗಳು ನಗದಿಗಿಂತ ಕಾರ್ಡನ್ನೇ ಬಯಸುತ್ತವೆ. ಮೊದಲ ದಿನದ ಬಾಡಿಗೆ ತೆರಿಗೆ ಸಮೇತ ಆಗಲೇ ಹಿಡಿಯುತ್ತದೆ, ಉಳಿದದ್ದು ಡಿಸ್ಕ್ ವಾಪಸ್ ಬಂದ ಮೇಲೆ. ಡೆಬಿಟ್ ಕಾರ್ಡ್ ಕೊಟ್ಟರೆ ಹಾಗೆ ಹಿಡಿದಿಟ್ಟ ಮೊತ್ತ ಕೆಲವು ದಿನ ಖಾತೆಯಲ್ಲಿ ಸಿಕ್ಕಿಕೊಳ್ಳಬಹುದು, ಆದ್ದರಿಂದ ಕ್ರೆಡಿಟ್ ಕಾರ್ಡ್ ಉತ್ತಮ. ಕಾರ್ಡ್ ಹಾಕಿದ ಮೇಲೆ ಬಿಲ್ ಬರುವ ವಿಳಾಸದ ಜಿಪ್ ಸಂಖ್ಯೆ (ಅಮೆರಿಕದ ಪಿನ್ ಕೋಡ್) ಕೇಳಬಹುದು. ಅದು 5 ಅಂಕಿ. ಭಾರತದಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರ ಭಾರತೀಯ ಕಾರ್ಡ್ ಅಲ್ಲಿ ನಿಲ್ಲುತ್ತದೆ: ನಮ್ಮ ಪಿನ್ ಕೋಡ್ 6 ಅಂಕಿ, ಯಂತ್ರ ಒಪ್ಪುವುದಿಲ್ಲ. ಪೆಟ್ರೋಲ್ ಬಂಕ್‌ನಲ್ಲೂ ಇದೇ ತೊಂದರೆ. ಮಕ್ಕಳ ಅಮೆರಿಕದ ಕಾರ್ಡನ್ನೇ ಬಳಸುವುದು ಸರಿ.

ರಸೀದಿಗೆ ಇಮೇಲ್ ಕೇಳಿದರೆ ಕೊಡಿ, ಏಕೆಂದರೆ ವ್ಯಾಜ್ಯ ಬಂದಾಗ ನಿಮ್ಮ ಕೈಯಲ್ಲಿರುವ ಏಕೈಕ ಆಧಾರ ಅದು. ಆದರೆ ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಇಮೇಲ್ ಬೇಡ, ಬೇರೆಯದೊಂದು ಇಟ್ಟುಕೊಳ್ಳಿ. ಹೆದರಿಸಲು ಹೇಳುತ್ತಿಲ್ಲ. ರೆಡ್‌ಬಾಕ್ಸ್ ಮುಚ್ಚಿದ ಮೇಲೆ ಒಂದು ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ಬಿಡಿಸಿ ನೋಡಿದಾಗ ಗ್ರಾಹಕರ ಇಮೇಲ್, ಜಿಪ್ ಸಂಖ್ಯೆ, ಬಾಡಿಗೆಗೆ ಒಯ್ದ ಸಿನಿಮಾಗಳ ವಿವರ ಅಲ್ಲೇ ಉಳಿದಿದ್ದು 2024ರಲ್ಲಿ ಬಯಲಾಯಿತು. ಬೀದಿಯಲ್ಲಿ ನಿಂತ ಯಂತ್ರಕ್ಕೆ ಕೊಟ್ಟ ಮಾಹಿತಿ ಯಂತ್ರದ ಆಯುಷ್ಯ ಮುಗಿದ ಮೇಲೂ ಬದುಕಿರುತ್ತದೆ.

ಡಿಸ್ಕ್ ಹೊರಬಂದ ಕೂಡಲೇ ಅಲ್ಲೇ ನಿಂತು ತೆರೆದು ನೋಡಿ. ಪೆಟ್ಟಿಗೆಯಲ್ಲಿ ಡಿಸ್ಕ್ ಇದೆಯೇ, ಅದರ ಮೇಲಿನ ಹೆಸರು ನೀವು ಕೇಳಿದ್ದೇ, ನಡುವಿನ ತೂತಿನ ಸುತ್ತ ಬಿರುಕು ಇದೆಯೇ. ಖಾಲಿ ಪೆಟ್ಟಿಗೆಯನ್ನೋ ಬೇರೆ ಡಿಸ್ಕನ್ನೋ ವಾಪಸ್ ಹಾಕಿ ಮೋಸ ಮಾಡುವವರು ಇರುತ್ತಾರೆ, ಆ ಹೊರೆ ಮುಂದಿನ ಗ್ರಾಹಕರ ತಲೆಗೆ ಬರುತ್ತದೆ. ತಪ್ಪಿದ್ದರೆ ಫೋನಿನಲ್ಲಿ ಚಿತ್ರ ತೆಗೆದು, ಯಂತ್ರದ ಮೇಲೆ ಬರೆದಿರುವ ಸಹಾಯ ಸಂಖ್ಯೆಗೆ ಅಲ್ಲಿಂದಲೇ ಕರೆ ಮಾಡಿ. ನಡುವೆ ಬಿರುಕು ಬಿಟ್ಟ ಡಿಸ್ಕನ್ನು ಯಾವ ಕಾರಣಕ್ಕೂ ಓಡಿಸಬೇಡಿ. ವೇಗವಾಗಿ ತಿರುಗುವಾಗ ಅದು ಒಡೆದು ಡ್ರೈವನ್ನೇ ಹಾಳು ಮಾಡಬಹುದು.

ನಡುವೆ ನಿಂತುಹೋದರೆ

ಬಾಡಿಗೆ ಡಿಸ್ಕ್‌ನಲ್ಲಿ ಚಿತ್ರ ತಡವರಿಸಿದರೆ ಹೆಚ್ಚಾಗಿ ಕಾರಣ ಬೆರಳಚ್ಚು, ಜಿಡ್ಡು. ಹತ್ತಿಯ ಅಥವಾ ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ತೆಗೆದುಕೊಂಡು ಒಳಗಿನ ತೂತಿನಿಂದ ಹೊರ ಅಂಚಿಗೆ ನೇರವಾಗಿ ಒರೆಸಿ. ವೃತ್ತಾಕಾರವಾಗಿ ಒರೆಸಬೇಡಿ. ದತ್ತಾಂಶ ಸುರುಳಿಯಾಗಿ ಬರೆದಿರುತ್ತದೆ. ಅಡ್ಡ ಗೀರು ಪ್ರತಿ ಸುತ್ತಿನಲ್ಲಿ ಚೂರೇ ಚೂರು ಕೆಡಿಸುವುದರಿಂದ ಪ್ಲೇಯರ್ ಅದನ್ನು ಲೆಕ್ಕದಿಂದ ತುಂಬಿಕೊಳ್ಳುತ್ತದೆ, ಸುರುಳಿಯ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆ ಉದ್ದದ ತುಂಡನ್ನು ನುಂಗಿಬಿಡುತ್ತದೆ. ಜಿಡ್ಡು ಹೋಗದಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಉಗುರು ಬಣ್ಣ ತೆಗೆಯುವ ದ್ರವ, ಥಿನ್ನರ್ ಮುಟ್ಟಿಸಬೇಡಿ, ಡಿಸ್ಕಿನ ಪ್ಲಾಸ್ಟಿಕ್ (ಪಾಲಿಕಾರ್ಬೊನೇಟ್) ಮಬ್ಬಾಗುತ್ತದೆ. ಟೂತ್‌ಪೇಸ್ಟ್ ತಿಕ್ಕಿ ಗೀರು ತೆಗೆಯುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ನಿಮ್ಮ ಡಿಸ್ಕ್ ಅಲ್ಲ, ಬೇಡ. ಬ್ಲೂ-ರೇಗಂತೂ ಅದು ಸಲ್ಲದು: ಡಿವಿಡಿಯಲ್ಲಿ ದತ್ತಾಂಶದ ಪದರ 0.6 ಮಿ.ಮೀ. ಆಳದಲ್ಲಿದ್ದರೆ ಬ್ಲೂ-ರೇಯಲ್ಲಿ 0.1 ಮಿ.ಮೀ. ಅಷ್ಟೇ, ಅದನ್ನು ಕಾಯುವುದು ಮೇಲಿನ ಗಟ್ಟಿ ಲೇಪ.

ಸಿನಿಮಾದ ನಡುವೆ ಎಲ್ಲೋ ಒಂದು ಕಡೆ ಒಂದು ಕ್ಷಣ ನಿಂತು ಮತ್ತೆ ಓಡಿದರೆ ಅದು ಗೀರಲ್ಲ. 8.5 ಜಿಬಿ ಡಿವಿಡಿಗಳಲ್ಲಿ ಎರಡು ಪದರಗಳಿರುತ್ತವೆ. ಓದುವ ಕಿರಣ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಹಳೆಯ ಪ್ಲೇಯರ್‌ಗಳು ಹೀಗೆ ತಡೆಯುತ್ತವೆ. ನಿಜವಾಗಿಯೂ ಓಡದಿದ್ದರೆ, ಎಷ್ಟನೇ ನಿಮಿಷದಲ್ಲಿ ನಿಂತಿತು ಎಂದು ಬರೆದುಕೊಂಡು ಅದೇ ರಾತ್ರಿ ಕರೆ ಮಾಡಿ. ವಾಪಸ್ ಹಾಕಿದ ಮೇಲೆ ದೂರು ಹೇಳಿದರೆ ಬಾಡಿಗೆ ಮರಳಿ ಪಡೆಯುವುದು ಕಷ್ಟ.

ವಾಪಸ್ ಹಾಕುವಾಗ

ರೆಡ್‌ಬಾಕ್ಸ್‌ನಲ್ಲಿ ಗಡುವು ಮರುದಿನ ರಾತ್ರಿ 9 ಗಂಟೆ ಆಗಿತ್ತು, ತಂದ ಹೊತ್ತಿನಿಂದ 24 ಗಂಟೆ ಅಲ್ಲ. ರಾತ್ರಿ 10ಕ್ಕೆ ತಂದವರಿಗೆ ಸಿಕ್ಕಿದ್ದು 23 ಗಂಟೆ. 9 ದಾಟಿದರೆ ಇನ್ನೊಂದು ದಿನದ ಪೂರ್ತಿ ಬಾಡಿಗೆ. ಹೀಗೆ ಡಾಲರ್ ಮೇಲೆ ಡಾಲರ್ ಏರುತ್ತಾ ಹೋಗಿ, 1 ಡಾಲರ್ ದರದ ಕಾಲದಲ್ಲಿ 25 ರಾತ್ರಿಗೆ ಡಿಸ್ಕ್ ನಿಮ್ಮದೇ ಎಂದು ಖಾತೆ ಮುಚ್ಚುತ್ತಿತ್ತು. ಈಗಿನ ಯಂತ್ರಗಳಲ್ಲಿ ಗಡುವಿನ ಗಂಟೆ ಮತ್ತು ಗರಿಷ್ಠ ಮೊತ್ತ ಬೇರೆ ಬೇರೆ, ಬಾಡಿಗೆಯ ಷರತ್ತುಗಳ ಪರದೆಯಲ್ಲಿ ಈ ಎರಡನ್ನು ಮಾತ್ರವಾದರೂ ಓದಿ. ರೆಡ್‌ಬಾಕ್ಸ್ ಡಿಸ್ಕನ್ನು ಅದರ ಯಾವ ಯಂತ್ರಕ್ಕಾದರೂ ಹಾಕಬಹುದಿತ್ತು. ಸಣ್ಣ ಮಾಲೀಕರ ಯಂತ್ರಗಳಲ್ಲಿ ಆ ಅನುಕೂಲ ಇದೆಯೇ ಎಂದು ಮೊದಲೇ ಕೇಳಿ.

ಯಂತ್ರ ಡಿಸ್ಕನ್ನು ಗುರುತಿಸುವುದು ಅದರ ನಡುವೆ ಅಂಟಿಸಿದ ಸಂಕೇತದಿಂದ. ತಲೆಕೆಳಗಾಗಿ ಇಟ್ಟ ಡಿಸ್ಕ್, ಅದಲುಬದಲಾದ ಪೆಟ್ಟಿಗೆ, ಕಿತ್ತುಬಂದ ಸ್ಟಿಕ್ಕರ್, ಇವು ಯಂತ್ರ ಹಿಂದಕ್ಕೆ ತಳ್ಳುವ ಸಾಮಾನ್ಯ ಕಾರಣಗಳು. ಮತ್ತೆ ಮತ್ತೆ ತಳ್ಳಿದರೆ ಬಲವಂತ ಮಾಡಬೇಡಿ, ಯಂತ್ರದ ಸಂಖ್ಯೆ ಕಾಣುವಂತೆ ಚಿತ್ರ ತೆಗೆದು ಕರೆ ಮಾಡಿ. ಸಾಲಿನಲ್ಲಿ ಜನ ನಿಂತಿರಬಹುದು, ಆದ್ದರಿಂದ ಗಡುವಿಗೆ 15 ನಿಮಿಷ ಮೊದಲಾದರೂ ತಲುಪಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಡಿಸ್ಕ್ ಬಿಟ್ಟರೆ ಬಾಗುತ್ತದೆ. ಬಾಗಿದ ಡಿಸ್ಕ್‌ಗೆ ಪೂರ್ತಿ ಬೆಲೆ ಕಟ್ಟಬೇಕಾದೀತು.

ಕೈಯಲ್ಲೇ ಉಳಿದ ಡಿಸ್ಕ್‌ಗಳು

ಯಂತ್ರ ಮುಚ್ಚಿದ ಮೇಲೆ ಬಾಡಿಗೆ ಡಿಸ್ಕ್‌ಗಳು ಹಳೆ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಊರಿಗೆ ಒಯ್ಯುವ ಆಸೆಯಿಂದ ಕೊಳ್ಳುವುದಾದರೆ ಒಂದು ಮಾತು: ಡಿಸ್ಕ್ ಜಗತ್ತಿನ ಯಾವ ಭಾಗದಲ್ಲಿ ಓಡಬೇಕು ಎಂಬುದಕ್ಕೆ ಪ್ರದೇಶದ ಗುರುತು ಇರುತ್ತದೆ. ಅಮೆರಿಕದ ಡಿವಿಡಿ ಪ್ರದೇಶ 1, ಭಾರತದ್ದು 5. ಬ್ಲೂ-ರೇಯಲ್ಲಿ ಅಮೆರಿಕ ಎ, ಭಾರತ ಸಿ. ಪ್ರದೇಶಕ್ಕೆ ಕಟ್ಟಿಹಾಕಿದ ಪ್ಲೇಯರ್ ಇನ್ನೊಂದನ್ನು ಓದುವುದಿಲ್ಲ. ಕಂಪ್ಯೂಟರ್ ಡ್ರೈವ್‌ನಲ್ಲಿ ಪ್ರದೇಶವನ್ನು ಬದಲಿಸಲು 5 ಅವಕಾಶ ಮಾತ್ರ, ಅಷ್ಟಾದ ಮೇಲೆ ಕೊನೆಯದಕ್ಕೇ ಅಂಟಿಕೊಳ್ಳುತ್ತದೆ. 4ಕೆ ಡಿಸ್ಕ್‌ಗಳಿಗೆ ಈ ಬೇಲಿ ಇಲ್ಲ.

ಕನ್ನಡ ಸಿನಿಮಾ ಬೇಕಾದವರು ಇಂಥ ಯಂತ್ರಗಳಲ್ಲಿ ಹುಡುಕಿ ದಣಿಯಬೇಡಿ. ನೀವಿರುವ ಊರಿನ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಭಾಷೆಯ ಹೆಸರು ಹಾಕಿ ನೋಡಿ, ಅಲ್ಲಿ ಇಲ್ಲದಿದ್ದರೆ ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಸೌಲಭ್ಯ ಇದೆಯೇ ಎಂದು ಕೌಂಟರಿನಲ್ಲಿ ಕೇಳಿ.